138 ಬಂತು ಸರಿ, ಆಗ ಅತ್ತೆ ಏನು ಮಾಡುತ್ತಿದ್ದರು? ಮನೆಯಲ್ಲಿರುವ ಹಿರಿಯರ ಮೇಲೆ ಯಂತ್ರದ ನಿಗಾ ಇಡುವ ಬಗೆ

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಫೋನ್ ಬೊಬ್ಬೆ ಹಾಕಿತು: ಅತ್ತೆಯ ಹೃದಯಬಡಿತ ನಿಮಿಷಕ್ಕೆ 138. ಎಪ್ಪತ್ತೊಂಬತ್ತರ ಹೆಂಗಸು, ಬಿಪಿ, ಸಕ್ಕರೆ ಎರಡೂ ಇದೆ. ಕೈಲಿದ್ದ ಸೀರೆ ಬಿಸಾಡಿ ಒಳಗೆ ಓಡಿದರೆ, ಅತ್ತೆ ಅಡುಗೆಮನೆಯಲ್ಲಿ ಹೆರೆಮಣೆ ಹಾಕಿಕೊಂಡು ಕೂತು ಕಾಯಿ ಹೆರೆಯುತ್ತಿದ್ದಾರೆ. ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. 76.

"ಹೆಣೆ, ಎಂತ ಆಯ್ತ್?" ಎಂದು ಅವರೇ ನನ್ನನ್ನು ಕೇಳಿದರು. ಏದುಸಿರು ಬಿಡುತ್ತಿದ್ದವಳು ನಾನು.

ಈ ಅಂಕಿ ಕಳಿಸಿದ, ಅತ್ತೆಯ ಕೈಗೆ ಕಟ್ಟಿದ ಸ್ಮಾರ್ಟ್ ಗಡಿಯಾರದ ತಪ್ಪೇನೂ ಇರಲಿಲ್ಲ ಅನ್ನಿ. ಅದರ ಅಡಿಯಲ್ಲಿರುವ ಹಸಿರು ದೀಪ ಚರ್ಮದೊಳಗೆ ಬೆಳಕು ಹಾಯಿಸಿ, ರಕ್ತ ಏರಿಳಿಯುವುದನ್ನು ನೋಡಿ ಬಡಿತ ಎಣಿಸುತ್ತದೆ. ಕೈ ಒಂದೇ ಲಯದಲ್ಲಿ ಅಲುಗುತ್ತಿದ್ದರೆ ಕೈಯ ಲಯವನ್ನೇ ಹೃದಯದ ಲಯ ಎಂದು ಹಿಡಿದುಕೊಂಡುಬಿಡುತ್ತದೆ. ಕಾಯಿ ಹೆರೆಯುವ ಕೈಗಿಂತ ಹದವಾದ ಲಯ ಬೇರೆ ಯಾವುದಿದೆ ಹೇಳಿ.

ನಾನು ಮುಂಬಯಿಯ ಆಸ್ಪತ್ರೆಗಳ ಐಸಿಯುಗಳಲ್ಲಿ 27 ವರ್ಷ ದುಡಿದವಳು. ಈಗ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ಹಗಲು ಡ್ಯೂಟಿ. ಮನೆ ಮುಲುಂಡಿನಲ್ಲಿ, ಮೂರನೇ ಮಾಳಿಗೆ. ಇವರ, ಅಂದರೆ ನನ್ನ ಗಂಡನ, ಆಫೀಸು ಫೋರ್ಟ್‌ನಲ್ಲಿ, ಮಗ ಪುಣೆಯಲ್ಲಿ. ಬೆಳಿಗ್ಗೆ ಎಂಟರಿಂದ ಸಂಜೆ ಐದೂವರೆವರೆಗೆ ಮನೆಯಲ್ಲಿ ಅತ್ತೆ ಒಬ್ಬರೇ. ಡೊಂಬಿವಲಿ, ಮಾಟುಂಗ, ದಹಿಸರ್, ಎಲ್ಲಿ ನೋಡಿದರೂ ನಮ್ಮ ಕನ್ನಡಿಗರ ಮನೆಗಳ ಕತೆ ಹೆಚ್ಚುಕಡಿಮೆ ಇದೇ. ಕೆಲವರು ಕೇಳಿದ್ದರಿಂದ, ನಮ್ಮ ಮನೆಯಲ್ಲಿ ಏನು ಮಾಡಿದೆವು, ಎಲ್ಲಿ ಎಡವಿದೆವು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಅಂಕಿಯನ್ನು ಮಾತ್ರ ನೋಡದೆ, ಆ ಹೊತ್ತಿಗೆ ಮನುಷ್ಯ ಎಲ್ಲಿದ್ದ, ಏನು ಮಾಡುತ್ತಿದ್ದ, ಜೊತೆಗೆ ಯಾರಿದ್ದರು ಎಂದೂ ನೋಡಿ ನಡೆದುಕೊಳ್ಳುವ ಯಂತ್ರಕ್ಕೆ ಸಂದರ್ಭ ಅರಿಯುವ ತಂತ್ರಜ್ಞಾನ ಎನ್ನುತ್ತಾರೆ. ಬಿಲ್ ಶಿಲಿಟ್ ಮತ್ತು ಮಾರ್ವಿನ್ ಥೈಮರ್ ಎಂಬ ಸಂಶೋಧಕರು 1994 ರಲ್ಲೇ ಈ ಹೆಸರು ಬಳಸಿದ್ದರು. ಅಂಗಡಿಯವರು ಇದನ್ನು 'ಸ್ಮಾರ್ಟ್' ಎಂದು ಕೂಗಿ ಮಾರುತ್ತಾರೆ. ಪೆಟ್ಟಿಗೆ ಒಡೆದು ತೆಗೆದಾಗ ಅದಕ್ಕೆ ನಿಮ್ಮ ಮನೆಯ ಸಂದರ್ಭ ಒಂದಿಷ್ಟೂ ಗೊತ್ತಿರುವುದಿಲ್ಲ. ಕಲಿಸಬೇಕಾದವರು ನಾವೇ.

ಯಂತ್ರಕ್ಕಿಂತ ಮೊದಲು ನೋಟ್‌ಬುಕ್

ಏನನ್ನೂ ಕೊಳ್ಳುವ ಮೊದಲು ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಪುಟಕ್ಕೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿ: ಹೊತ್ತು, ಅಂಕಿ, ಆಗ ಏನು ನಡೆಯುತ್ತಿತ್ತು. ಒಂದು ವಾರ ಬರೆಯಿರಿ. ಮನೆಯಲ್ಲಿ ಯಾರಾದರೂ ರಜೆ ಹಾಕಬೇಕಾದೀತು, ಹಾಕಿ. ಮುಂದಿನ ಎಲ್ಲ ಹೆಜ್ಜೆಯೂ ನಿಂತಿರುವುದು ಮೂರನೇ ಸಾಲಿನ ಮೇಲೆ.

ನಮ್ಮ ನೋಟ್‌ಬುಕ್ಕಿನ ಒಂದು ಮೇ ತಿಂಗಳ ದಿನ ಹೀಗಿದೆ:

6:10. ಬಾಗಿಲು ತೆಗೆದು ಹಾಲಿನ ಥೈಲಿ ಒಳಗೆ ತಂದರು.
7:40 ರಿಂದ 8:15. ಬಚ್ಚಲು. ಸ್ನಾನ, ಎರಡು ರವಿಕೆ ಒಗೆದದ್ದು, ವಿಷ್ಣು ಸಹಸ್ರನಾಮ ಅರ್ಧ.
11:30. ಸಕ್ಕರೆ 262. ಹಾಪುಸ್ ಹಣ್ಣು ಹೆಚ್ಚಿದ ಕೈ. ಸೋಪು ಹಾಕಿ ತೊಳೆದು, ಒರೆಸಿ ಮತ್ತೆ ನೋಡಿದಾಗ 148.
1:30 ರಿಂದ 3:00. ಮಲಗಿದರು. ಅಲುಗಾಟ ಇಲ್ಲ.
6:00. ಬಿಪಿ 158/84. ಎದುರುಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಜೊತೆ ಮಾತಾಡುತ್ತಲೇ ನೋಡಿದ್ದು. ಸುಮ್ಮನೆ ಕೂರಿಸಿ ಹತ್ತು ನಿಮಿಷದ ನಂತರ 136/80.
ರಾತ್ರಿ 1:20, 4:05. ಬಚ್ಚಲಿಗೆ ಎದ್ದದ್ದು.

ಆ 262 ಮತ್ತು 148 ರ ನಡುವೆ ಇದ್ದದ್ದು ಬೆರಳಿಗೆ ಅಂಟಿದ ಮಾವಿನ ರಸ. ಯಂತ್ರ ಅದನ್ನೂ ರಕ್ತದ ಸಕ್ಕರೆ ಎಂದೇ ಲೆಕ್ಕ ಹಾಕಿತು. ಆ 262 ನೇರವಾಗಿ ಡಾಕ್ಟರ ಫೋನಿಗೆ ಹೋಗಿ, ಅವರು ಮಾತ್ರೆ ಹೆಚ್ಚಿಸಿದ್ದರೆ?

ಬಿಪಿ ನೋಡುವ ಕ್ರಮವನ್ನು ಇಲ್ಲೇ ಹೇಳಿಬಿಡುತ್ತೇನೆ, ಅರ್ಧದಷ್ಟು ಮನೆಗಳಲ್ಲಿ ತಪ್ಪುವುದು ಇದೇ. ಅರ್ಧ ಗಂಟೆ ಮುಂಚೆಯಿಂದ ಕಾಫಿ, ಚಾ, ಎಲೆಅಡಿಕೆ ಬೇಡ. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ, ಎರಡೂ ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಪಟ್ಟಿ ಬರಿ ತೋಳಿಗೆ. ಐದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಬೆಳಿಗ್ಗೆ, ಸಂಜೆ ಹೀಗೆ ಏಳು ದಿನ. ಮನೆಯ ಸರಾಸರಿ 135/85 ಅಥವಾ ಅದಕ್ಕೂ ಮೇಲಿದ್ದರೆ ಬಿಪಿ ಜಾಸ್ತಿ ಎಂದು ಲೆಕ್ಕ. ಹಿರಿಯರಿಗೆ ನಿಲ್ಲಿಸಿಯೂ ಒಮ್ಮೆ ನೋಡಿ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಅವರು ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವ ಸಂಭವ ಇದೆ. ಕೂತು ನೋಡಿದ ಅಂಕಿಯಲ್ಲಿ ಇದು ಎಂದೂ ಕಾಣುವುದಿಲ್ಲ.

ಡಾಕ್ಟರ ಹತ್ತಿರ ಹೋಗುವಾಗ

ನೋಟ್‌ಬುಕ್ ಹಿಡಿದು ಹೋಗಿ. 'ಎಷ್ಟಕ್ಕಿಂತ ಹೆಚ್ಚಾದರೆ ಗಾಬರಿ?' ಎಂದು ಕೇಳಿದರೆ ಪುಸ್ತಕದ ಉತ್ತರ ಬರುತ್ತದೆ. 'ನಮ್ಮ ಅತ್ತೆಗೆ ಎಷ್ಟಕ್ಕೆ?' ಎಂದು ಕೇಳಿ, ಬರೆಸಿಕೊಳ್ಳಿ.

ಯಾಕೆ ಅಂದರೆ, ರಕ್ತದ ಆಮ್ಲಜನಕ ಶೇಕಡಾ 94 ಕ್ಕಿಂತ ಕೆಳಗಿಳಿದರೆ ಕೂಗು ಎಂದು ಕೆಲವು ಯಂತ್ರಗಳಲ್ಲಿ ಮೊದಲೇ ಹಾಕಿರುತ್ತಾರೆ. ಹಳೇ ಶ್ವಾಸಕೋಶದ ಕಾಯಿಲೆ ಇರುವ ಎಷ್ಟೋ ಜನರಿಗೆ ಡಾಕ್ಟರೇ 88 ರಿಂದ 92 ರ ನಡುವೆ ಇರಲಿ ಎನ್ನುತ್ತಾರೆ. ಅವರ ಮನೆಯಲ್ಲಿ ಅಂಥ ಯಂತ್ರ ಹಗಲಿರುಳು ಕೂಗಿಕೊಂಡೇ ಇರುತ್ತದೆ.

ಅತ್ತೆಯ ಬಿಪಿ ಮಾತ್ರೆ ಬೀಟಾ ಬ್ಲಾಕರ್ ಜಾತಿಯದು. ಅದು ಹೃದಯದ ಓಟಕ್ಕೆ ಕಡಿವಾಣ ಹಾಕುತ್ತದೆ. ಸಕ್ಕರೆ ಇಳಿದಾಗ ಸಾಮಾನ್ಯವಾಗಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ. ಈ ಮಾತ್ರೆ ಆ ಎರಡನ್ನೂ ಮುಚ್ಚಿಡಬಹುದು. ಬೆವರು ಮಾತ್ರ ಉಳಿಯುತ್ತದೆ. ಹಾಗಾಗಿ 'ಬಡಿತ ಏರಿಲ್ಲ, ಸಕ್ಕರೆ ಇಳಿದಿರಲಿಕ್ಕಿಲ್ಲ' ಎಂಬ ಲೆಕ್ಕ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಇದನ್ನು ಯಾವ ಗಡಿಯಾರವೂ ತಾನಾಗಿ ಹೇಳುವುದಿಲ್ಲ. ಮಾತ್ರೆಯ ಹೆಸರುಗಳ ಪಟ್ಟಿ ನಿಮ್ಮ ನಿಯಮಗಳ ಪಕ್ಕದಲ್ಲೇ ಇರಬೇಕು, ಮಾತ್ರೆ ಬದಲಾದ ದಿನ ನಿಯಮವನ್ನೂ ತಿರುಗಿ ನೋಡಬೇಕು.

ಏನು ತರಬೇಕು, ಎಲ್ಲಿ ಇಡಬೇಕು

ಕಡಿಮೆ ತನ್ನಿ. ತೋಳಿಗೆ ಕಟ್ಟುವ ಬಿಪಿ ಯಂತ್ರ ಒಂದು, ಪಟ್ಟಿ ತೋಳಿನ ಅಳತೆಗೆ ಸರಿಯಾಗಿರಲಿ. ಸಕ್ಕರೆ ಇದ್ದರೆ ಗ್ಲೂಕೋಮೀಟರ್. ಬೀಳುವುದನ್ನು ಗುರುತಿಸುವ ಗಡಿಯಾರ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರ್ ಕೋವಿಡ್ ಕಾಲದ್ದು ಎಲ್ಲರ ಮನೆಯಲ್ಲೂ ಇದೆ. ಜಪಾನಿನ ಟಕುವೊ ಅಯೊಯಾಗಿ 1970 ರ ದಶಕದ ಮೊದಲಲ್ಲಿ ಕಂಡುಹಿಡಿದ ಉಪಾಯ ಅದು. ಕೆಂಪು ಮತ್ತು ಕಣ್ಣಿಗೆ ಕಾಣದ ಅತಿಕೆಂಪು, ಎರಡು ಬೆಳಕು ಹಾಯಿಸಿ ರಕ್ತ ಎಷ್ಟೆಷ್ಟು ಹೀರಿತು ಎಂದು ತಾಳೆ ನೋಡುತ್ತದೆ. ತಣ್ಣಗಿನ ಬೆರಳು, ಉಗುರುಬಣ್ಣ, ಅಲುಗುವ ಕೈ ಇದ್ದರೆ ಸುಳ್ಳು ಹೇಳುತ್ತದೆ. ಕಪ್ಪು ಚರ್ಮದವರಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದುಂಟು ಎಂದು 2020 ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿದ ಮೇಲೆ ನಾನಂತೂ ಅಂಕಿಯ ಜೊತೆಗೆ ಉಸಿರಾಟವನ್ನೂ ಎಣಿಸುತ್ತೇನೆ.

ತೋಳಿಗೆ ಅಂಟಿಸುವ ಸಕ್ಕರೆ ಸೆನ್ಸರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಒಳ್ಳೆಯದೇ. ಆದರೆ ಅದು ನೋಡುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಇನ್ನೊಂದು, ರಾತ್ರಿ ಅದೇ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಸುಳ್ಳು ಇಳಿತ ತೋರಿಸಿ ಎಬ್ಬಿಸುತ್ತದೆ. ಅಂಥ ಅಲಾರಂ ಬಂದಾಗ ಮೊದಲು ಮಗ್ಗುಲು ಬದಲಿಸಿ, ಬೆರಳು ಚುಚ್ಚಿ ನೋಡಿ. ಬೆರಳಿನ ರಕ್ತದಲ್ಲೂ 70 ಕ್ಕಿಂತ ಕಡಿಮೆ ಇದ್ದರೆ, ಎಚ್ಚರ ಇದ್ದು ನುಂಗುವಂತಿದ್ದರೆ, 15 ಗ್ರಾಂ ಸಕ್ಕರೆ ಅಂದರೆ ಮೂರು ಟೀ ಚಮಚ ನೀರಿಗೆ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ.

ಇನ್ನು ಮನೆಗೆ ಹಾಕುವ ಸೆನ್ಸರುಗಳು. ನಿಜವಾದ ಕೆಲಸ ಮಾಡುವುದು ಇವೇ, ಬೆಲೆಯೂ ಕಡಿಮೆ. ಜಪಾನಿನ ಜೋಜಿರುಶಿ ಕಂಪನಿ 2001 ರಲ್ಲೇ ಬಿಸಿನೀರಿನ ಪಾತ್ರೆಯೊಂದನ್ನು ತಂದಿತ್ತು. ಒಂಟಿ ಅಜ್ಜಿ ಚಾ ಮಾಡಲು ನೀರು ಬಗ್ಗಿಸಿದರೆ ದೂರದ ಮಕ್ಕಳಿಗೆ ಸುದ್ದಿ ಹೋಗುತ್ತಿತ್ತು, ಅಷ್ಟೇ. ನಾಡಿಯಿಲ್ಲ, ಬಿಪಿಯಿಲ್ಲ. ಅಜ್ಜಿ ಎದ್ದಿದ್ದಾಳೆ, ಚಾ ಕುಡಿಯುತ್ತಿದ್ದಾಳೆ ಎಂದು ಗೊತ್ತಾದರೆ ಸಾಕಲ್ಲ?

ನಮ್ಮ ಮನೆಯಲ್ಲಿ ಆ ಪಾತ್ರೆಯ ಜಾಗದಲ್ಲಿ ಹಾಲಿನ ಥೈಲಿ ಇದೆ. ಮುಂಬಾಗಿಲಿಗೆ ಒಂದು ಸೆನ್ಸರ್ ಹಾಕಿದೆವು. ಅದು ಬೆಂಕಿಪೊಟ್ಟಣದಷ್ಟಿರುವ ಎರಡು ತುಂಡು, ಒಂದರಲ್ಲಿ ಅಯಸ್ಕಾಂತ. ಬಾಗಿಲು ತೆರೆದರೆ ಎರಡೂ ದೂರವಾಗಿ ಸುದ್ದಿ ಕೊಡುತ್ತವೆ. ಬಚ್ಚಲ ಬಾಗಿಲಿಗೆ ಇನ್ನೊಂದು. ಮಾತ್ರೆ ಡಬ್ಬಿಗೆ ಮತ್ತೊಂದು. ಹಾಲ್‌ನಲ್ಲಿ ಅಲುಗಾಟದ ಸೆನ್ಸರ್ ಒಂದು. ಇದು ಮೈಯ ಬಿಸಿ ಅಲುಗುವುದನ್ನು ನೋಡುತ್ತದೆ, ಸುಮ್ಮನೆ ಕೂತು ಟಿವಿ ನೋಡುವವರನ್ನು ಕಾಣುವುದಿಲ್ಲ ಎಂಬುದು ನೆನಪಿರಲಿ. ಬಿಸಿಲು ಬಿದ್ದು ಕಾದ ಪರದೆ ಹಾರಾಡಿದರೂ ಮನುಷ್ಯ ಎಂದುಕೊಳ್ಳುವುದುಂಟು. ಕಿಟಕಿಗೆ ಮುಖ ಮಾಡಿ ಅಂಟಿಸಬೇಡಿ.

ಇವೆಲ್ಲವನ್ನೂ ಒಂದು ಕಡೆ ಸೇರಿಸಿ ನಿಯಮ ನಡೆಸಲು ಮಗ ಪುಟ್ಟ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಟ್ಟಿದ್ದಾನೆ. ಮಾಹಿತಿ ಮನೆಯಲ್ಲೇ ಉಳಿಯುತ್ತದೆ. ಅಷ್ಟು ಕೈಬರದವರು ಸೆನ್ಸರ್ ಕಂಪನಿಯ ಆಪ್‌ನಲ್ಲೇ ನಡೆಸಬಹುದು.

ನಿಯಮ ಬರೆಯುವುದು

ಇದನ್ನು ಫೋನಿನಲ್ಲಿ ಮಾಡುವ ಮೊದಲು ಕಾಗದದಲ್ಲಿ, ನಮ್ಮ ಮಾತಿನಲ್ಲಿ ಬರೆಯಿರಿ. ಪ್ರತಿ ನಿಯಮದಲ್ಲೂ ನಾಲ್ಕು ಸಂಗತಿ ಇರಬೇಕು: ಏನಾದರೆ, ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ಹಾಗೇ ಇದ್ದರೆ, ಯಾರಿಗೆ ಹೇಳಬೇಕು.

ಬಚ್ಚಲ ನಿಯಮ ನೋಡಿ. ಮೊದಲು 'ಬಾಗಿಲು 20 ನಿಮಿಷ ಮುಚ್ಚಿದ್ದರೆ ಕೂಗು' ಎಂದು ಹಾಕಿದ್ದೆ. ಮೊದಲ ದಿನವೇ ಸಹಸ್ರನಾಮದ ಮಧ್ಯೆ ಕೂಗಿತು. ನೋಟ್‌ಬುಕ್ ನೋಡಿದ್ದರೆ ನನಗೇ ಗೊತ್ತಾಗಬೇಕಿತ್ತು, ಸ್ನಾನಕ್ಕೆ 35 ನಿಮಿಷ ಬೇಕು. ಈಗ ಹೀಗಿದೆ: ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ 45 ನಿಮಿಷ, ಹಗಲಿನಲ್ಲಿ 25, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ 15.

ಗಡಿಯಾರದ ನಿಯಮ: ಬಡಿತ 120 ದಾಟಿದರೆ, ಕೈ ಅಲುಗದೆ ಇದ್ದರೆ, ಹಾಗೇ ಹತ್ತು ನಿಮಿಷ ಇದ್ದರೆ ಮಾತ್ರ. ಹೆರೆಮಣೆಯ ಗಲಾಟೆ ಅಲ್ಲಿಗೆ ಮುಗಿಯಿತು. ಈ 120 ನಮ್ಮ ಡಾಕ್ಟರು ಅತ್ತೆಗೆಂದು ಬರೆದುಕೊಟ್ಟ ಅಂಕಿ, ನಿಮ್ಮದು ಬೇರೆ ಇರುತ್ತದೆ.

ಹಾಲಿನ ನಿಯಮ: 7:15 ರೊಳಗೆ ಮುಂಬಾಗಿಲು ತೆರೆಯದಿದ್ದರೆ ಕಾಕುಗೆ ಹೇಳು. ನಾವೆಲ್ಲ ಆ ಹೊತ್ತಿಗೆ ಮನೆಯಲ್ಲೇ ಇರುತ್ತೇವೆ, ಮತ್ತೆ ಇದೇಕೆ ಎಂದು ಇವರು ಕೇಳಿದ್ದರು. ನಾನು ಬೇಗ ಡ್ಯೂಟಿಗೆ ಹೋಗಿ, ಇವರು ಊರಲ್ಲಿಲ್ಲದ ದಿನಗಳೂ ಇರುತ್ತವೆಯಲ್ಲ, ಆ ದಿನಗಳಿಗೆ.

ಎಲ್ಲವೂ ಕೂಗಬೇಕಾಗಿಲ್ಲ. ನಾವು ಮೂರು ಮಟ್ಟ ಮಾಡಿಕೊಂಡಿದ್ದೇವೆ. ಸುಮ್ಮನೆ ಬರೆದಿಟ್ಟುಕೊಳ್ಳುವುದು, ಮೆಸೇಜ್ ಕಳಿಸುವುದು, ಬೊಬ್ಬೆ ಹಾಕುವುದು. ಬೊಬ್ಬೆ ಹಾಕುವವು ನಮ್ಮಲ್ಲಿ ಮೂರೇ: ಬಿದ್ದರೆ, ಬಚ್ಚಲು ಮೀರಿದರೆ, ಅಲುಗದ ಕೈಯಲ್ಲಿ ಬಡಿತ ಏರಿದರೆ. ಐಸಿಯುವಿನಲ್ಲಿ ಒಬ್ಬ ರೋಗಿಯ ಸುತ್ತ ಐದಾರು ಯಂತ್ರ ಕೂಗುತ್ತಿದ್ದವು. ಬಹುಪಾಲು ಬೆವರಿಗೆ ಕಿತ್ತುಬಂದ ಪ್ಯಾಚು, ಮಡಚಿದ ಕೊಳವೆ. ಆರು ತಿಂಗಳಾದ ಹುಡುಗಿಯರು ಸದ್ದನ್ನೇ ಕೇಳಿಸಿಕೊಳ್ಳುತ್ತಿರಲಿಲ್ಲ, ನಾನೂ ಹಾಗೇ ಇದ್ದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2014 ರಲ್ಲಿ ಅಲಾರಂಗಳನ್ನು ಹತೋಟಿಯಲ್ಲಿಡುವುದನ್ನೇ ರೋಗಿಗಳ ಸುರಕ್ಷತೆಯ ಗುರಿಗಳಲ್ಲಿ ಸೇರಿಸಬೇಕಾಯಿತು. ಮನೆಯಲ್ಲಿ ದಿನಕ್ಕೆ ನಾಲ್ಕು ಸುಳ್ಳು ಅಲಾರಂ ಬಂದರೆ ಹದಿನೈದು ದಿನದಲ್ಲಿ ನೀವೇ ಆಪ್ ಮ್ಯೂಟ್ ಮಾಡುತ್ತೀರಿ.

ಬರೆದಿಟ್ಟುಕೊಳ್ಳುವ ಮಟ್ಟವನ್ನು ಕಡೆಗಣಿಸಬೇಡಿ. ಅತ್ತೆ ರಾತ್ರಿ ಎರಡು ಸಲ ಬಚ್ಚಲಿಗೆ ಎದ್ದೇಳುವುದು ಮಾಮೂಲು. ಒಂದು ವಾರ ಅದು ನಾಲ್ಕು, ಐದು ಆಯಿತು. ಅವರು ಬಾಯಿಬಿಡಲಿಲ್ಲ, ಬಾಗಿಲಿನ ಲೆಕ್ಕದಿಂದ ಗೊತ್ತಾಯಿತು. ಮೂತ್ರದ ಸೋಂಕು ಇರಬಹುದು, ಸಕ್ಕರೆ ಏರಿರಬಹುದು ಎಂದು ಎರಡೂ ನೋಡಿಸಿದೆ. ಎರಡೂ ಅಲ್ಲ. ಹೊಸದಾಗಿ ಕೊಟ್ಟ ನೀರಿನ ಮಾತ್ರೆಯನ್ನು (ಮೂತ್ರ ಹೆಚ್ಚಿಸುವಂಥದ್ದು) ಬೆಳಿಗ್ಗೆ ಮರೆತು ಸಂಜೆ ತೆಗೆದುಕೊಳ್ಳುತ್ತಿದ್ದರು. ಮಾತ್ರೆಯ ಹೊತ್ತು ಸರಿಮಾಡಿದ ಮೇಲೆ ಮತ್ತೆ ಎರಡಕ್ಕೆ ಬಂತು. ಹೃದಯ ದುರ್ಬಲ ಇರುವವರ ಮನೆಯಲ್ಲಿ ಇದೇ ರೀತಿ ತೂಕ ನೋಡಿ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದು, ತಿಂಡಿಗೆ ಮೊದಲು. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಡಾಕ್ಟರಿಗೆ ಫೋನ್ ಮಾಡಿ.

ಕೂಗಿದರೆ ಬರುವವರು ಯಾರು?

ಕೈಪಿಡಿಗಳಲ್ಲಿ ರೋಗಿಯ ಸಂದರ್ಭ ಇರುತ್ತದೆ, ನೋಡಿಕೊಳ್ಳುವವರ ಸಂದರ್ಭ ಇರುವುದಿಲ್ಲ. ಮುಂಬಯಿಯಲ್ಲಿ ಅರ್ಧ ಕತೆ ಅದೇ. ಅಲಾರಂ ಬಂದಾಗ ಇವರು ಸಿಎಸ್‌ಎಂಟಿ ನಿಲ್ದಾಣದಿಂದ ಹೊರಟ ಲೋಕಲ್ ರೈಲಿನಲ್ಲಿ ಕುರ್ಲಾ ಹತ್ತಿರ ಒಂಟಿಕಾಲಲ್ಲಿ ನಿಂತಿರುತ್ತಾರೆ. ನನ್ನ ಫೋನ್ ಡ್ಯೂಟಿ ಹೊತ್ತಿನಲ್ಲಿ ಲಾಕರಿನಲ್ಲಿ. ಮಗ ಪುಣೆಯಿಂದ ಏನು ಮಾಡಿಯಾನು? ಇನ್ನೊಂದು ಫೋನ್ ಮಾಡಿಯಾನು.

ಹಾಗಾಗಿ ಹೊತ್ತಿಗೆ ತಕ್ಕಂತೆ ಸರದಿ ಬದಲಾಗಬೇಕು. ಹಗಲು ಎಂಟರಿಂದ ಐದೂವರೆವರೆಗೆ ಮೊದಲ ಕರೆ ಎದುರುಮನೆಯ ಕಾಕುಗೆ. ಅವರು ಎರಡು ನಿಮಿಷದಲ್ಲಿ ಒಪ್ಪಿಕೊಳ್ಳದಿದ್ದರೆ ಗೇಟಿನ ವಾಚ್‌ಮನ್‌ಗೆ ಮತ್ತು ನನ್ನ ವಾರ್ಡಿನ ಲ್ಯಾಂಡ್‌ಲೈನಿಗೆ. ಇವರಿಗೆ ಮತ್ತು ಮಗನಿಗೆ ಮೆಸೇಜ್ ಮಾತ್ರ. ರಾತ್ರಿ ನನಗೆ ಮೊದಲು. ಗೋಡೆಯ ಮೇಲಿನ ಕಾಗದದಲ್ಲಿ ಫೋನ್ ನಂಬರುಗಳು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಇವೆ. ಮಾತ್ರೆಗಳ ಪಟ್ಟಿ, ರಕ್ತದ ಗುಂಪು, ಅಲರ್ಜಿ ಇಂಗ್ಲಿಷಿನಲ್ಲಿ, ಆಂಬುಲೆನ್ಸಿನಲ್ಲಿ ಬರುವ ಡಾಕ್ಟರು ಓದುವುದಕ್ಕೆ.

ಎಲ್ಲ ಜೋಡಿಸಿದ ಮೇಲೆ ಒಂದು ದಿನ ರಿಹರ್ಸಲ್ ಮಾಡಿ. ನಾವು ಮಾಡಿದೆವು. ಅತ್ತೆ ಒಳಗೆ ಕೂತು ಗಡಿಯಾರದ ಗುಂಡಿ ಒತ್ತಿದರು, ಕಾಕುಗೆ ಕರೆ ಹೋಯಿತು, ಅವರು ನಾವು ಕೊಟ್ಟಿದ್ದ ಬೀಗದ ಕೈ ಹಿಡಿದು ಓಡಿಬಂದರು. ಬೀಗ ತಿರುಗಿತು. ಬಾಗಿಲು ತೆರೆಯಲಿಲ್ಲ. ಅತ್ತೆ ಅಭ್ಯಾಸಬಲದಿಂದ ಒಳಗಿನ ಚಿಲಕ ಹಾಕಿದ್ದರು! ನಿಜವಾಗಿ ಬಿದ್ದಿದ್ದರೆ ಬಡಗಿಯನ್ನು ಕರೆಸಿ ಬಾಗಿಲು ಒಡೆಸಬೇಕಿತ್ತು. ಮರುದಿನವೇ ಚಿಲಕ ತೆಗೆಸಿ, ಒಳಗಿನಿಂದ ತಾನಾಗಿ ಬೀಳುವ, ಹೊರಗಿನಿಂದ ಕೀಲಿಯಲ್ಲಿ ತೆಗೆಯಬಹುದಾದ ಲ್ಯಾಚ್ ಹಾಕಿಸಿದೆವು. ಬಚ್ಚಲ ಚಿಲಕವನ್ನೂ ಹೊರಗಿನಿಂದ ತಿರುಗಿಸಿ ತೆಗೆಯುವಂಥದ್ದಕ್ಕೆ ಬದಲಿಸಿದೆವು. ಸೆನ್ಸರುಗಳಿಗಿಂತ ಈ ಎರಡು ಚಿಲಕಕ್ಕೆ ಮೊದಲು ದುಡ್ಡು ಹಾಕಿ ಎಂದು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಕರೆಂಟು, ನೆಟ್ಟು, ಚಾರ್ಜು

ಮುಂಬಯಿಯಲ್ಲಿ ಕರೆಂಟ್ ಹೋಗುವುದಿಲ್ಲ ಎಂಬ ಜಂಬ ನಮಗೆಲ್ಲ ಇತ್ತು. 2020 ರ ಅಕ್ಟೋಬರ್ 12, ಸೋಮವಾರ ಬೆಳಿಗ್ಗೆ ಮುಂಬಯಿ, ಠಾಣೆ, ನವಿ ಮುಂಬಯಿ ಒಟ್ಟಿಗೇ ಕತ್ತಲಾಗಿ ಲೋಕಲ್‌ಗಳೂ ನಿಂತವು. ಆಮೇಲೆ ಆ ಜಂಬ ಇಳಿಯಿತು. ರೌಟರಿಗೆ ಒಂದು ಪುಟ್ಟ ಯುಪಿಎಸ್ ಹಾಕಿ. ವೈಫೈ ಹೋದರೆ ಸಿಮ್ ಮೇಲೆ ನಡೆಯುವ ದಾರಿ ಇರಲಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಯಂತ್ರ ಸುಮ್ಮನಿದ್ದರೆ ಎಲ್ಲ ಸರಿ ಇದೆ ಎಂದೋ, ಯಂತ್ರವೇ ಸತ್ತಿದೆ ಎಂದೋ? ಎರಡೂ ಫೋನಿನಲ್ಲಿ ಒಂದೇ ಥರ ಕಾಣುತ್ತದೆ. ಅದಕ್ಕೇ 'ಎರಡು ಗಂಟೆ ಯಾವ ಸೆನ್ಸರಿನಿಂದಲೂ ಸುದ್ದಿ ಬರದಿದ್ದರೆ ಮೆಸೇಜ್ ಮಾಡು' ಎಂಬ ನಿಯಮ ಬೇಕು. ಈ ನಿಯಮ ಮನೆಯೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಇದ್ದರೆ ಕಂಪ್ಯೂಟರಿನೊಟ್ಟಿಗೆ ಅದೂ ಸಾಯುತ್ತದೆ. ನಮ್ಮದು ಪುಣೆಯಲ್ಲಿ ಮಗನ ಕಂಪ್ಯೂಟರಿನಲ್ಲಿದೆ. ಇನ್ನೊಂದು ಕಡೆ ಎಡವುವುದು ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್‌ನಲ್ಲಿ. ಅದು ಹಿನ್ನೆಲೆಯಲ್ಲಿರುವ ಆಪ್‌ಗಳನ್ನು ಸದ್ದಿಲ್ಲದೆ ಕೊಂದುಹಾಕುತ್ತದೆ. ಈ ಆಪ್‌ಗೆ ಮಾತ್ರ ವಿನಾಯಿತಿ ಕೊಡಿ. ರಾತ್ರಿಯ 'ತೊಂದರೆ ಕೊಡಬೇಡಿ' ಸೆಟ್ಟಿಂಗ್‌ನಲ್ಲೂ ಹಾಗೇ.

ಗಡಿಯಾರ ಚಾರ್ಜಿಗೆ ಹಾಕುವ ಹೊತ್ತು ಯಾವುದು? ಎಲ್ಲರೂ ಸ್ನಾನದ ಹೊತ್ತು ಎನ್ನುತ್ತಾರೆ, ನಾವೂ ಹಾಗೇ ಮಾಡುತ್ತಿದ್ದೆವು. ಜಾರಿ ಬೀಳುವ ಜಾಗವೇ ಬಚ್ಚಲು! ನೀರು ತಡೆಯುವ ಗಡಿಯಾರ ತಂದು, ಸ್ನಾನದಲ್ಲೂ ಕೈಯಲ್ಲಿರಲಿ. ನಮ್ಮಲ್ಲಿ ಚಾರ್ಜು ಸಂಜೆ ಏಳಕ್ಕೆ, ನಾನು ಪಕ್ಕದಲ್ಲಿ ಕೂತು ಅವರ ಜೊತೆ ಧಾರಾವಾಹಿ ನೋಡುವಾಗ. ಬಾಗಿಲ ಸೆನ್ಸರುಗಳ ಬಟನ್ ಸೆಲ್ಲಿನ ಮೇಲೆ ಹಾಕಿದ ತಾರೀಖು ಟೇಪಿನಲ್ಲಿ ಬರೆದು ಅಂಟಿಸಿ.

ಅತ್ತೆಯ ಶರತ್ತುಗಳು

ಒಪ್ಪಿಗೆ ಇಲ್ಲದೆ ಒಂದು ಸೆನ್ಸರೂ ಅಂಟಿಸಬೇಡಿ. 2023 ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಂಪನಿಗಳು ಒಪ್ಪಿಗೆ ಕೇಳಬೇಕೆನ್ನುತ್ತದೆ. ಮನೆಯವರು ಕೇಳಬೇಕೆಂದು ಕಾಯ್ದೆ ಯಾಕೆ ಬೇಕು? ಅತ್ತೆ ಮೂರು ಶರತ್ತು ಹಾಕಿದರು. ಕ್ಯಾಮೆರಾ ಎಲ್ಲೂ ಬೇಡ. ಬಚ್ಚಲಿಗೆ ಎಷ್ಟು ಸಲ ಹೋದರೆಂದು ಮಗನ ಎದುರು, ಮೊಮ್ಮಗನ ಎದುರು ಆಡಬಾರದು. ಮಾತ್ರೆ ನೆನಪಿಸುವ ಯಂತ್ರದ ಹಿಂದಿ ಹೆಂಗಸು ಬೇಡ. ಈಗ ಮೊಮ್ಮಗನ ದನಿಯಲ್ಲಿ ರೆಕಾರ್ಡ್ ಮಾಡಿದ್ದೇವೆ: "ಅಜ್ಜಿ, ಮಾತ್ರೆ ತಿಂದ್ಯಾ?" ಹಿಂದಿ ಹೆಂಗಸಿಗೆ ಅವರು ಒಂದು ದಿನವೂ ಓಗೊಟ್ಟವರಲ್ಲ. ಇದಕ್ಕೆ "ಹ್ಞೂಂ ಮಗಾ" ಎಂದು ಉತ್ತರ ಕೊಟ್ಟೇ ಡಬ್ಬಿ ತೆಗೆಯುತ್ತಾರೆ.

ಎರಡನೇ ಶರತ್ತಿನಂತೆ ಬಚ್ಚಲ ಲೆಕ್ಕ ನನ್ನ ಲಾಗಿನ್‌ನಲ್ಲಿ ಮಾತ್ರ ಕಾಣುತ್ತದೆ. ಇವರಿಗೆ ಕಾಣುವುದು 'ಸರಿ ಇದ್ದಾರೆ' ಅಥವಾ 'ನೋಡಿ' ಎಂಬ ಎರಡೇ ಮಾತು. ಸೊಸೈಟಿಯ ವಾಟ್ಸಾಪ್ ಗುಂಪಿಗೆ ಯಾವುದೂ ಹೋಗಬಾರದು. ಡಾಕ್ಟರಿಗೂ ಸಾವಿರಗಟ್ಟಲೆ ಅಂಕಿ ಕಳಿಸಬೇಡಿ. ತಿಂಗಳಿಗೆ ಒಂದು ಪುಟ: ಬಿಪಿಯ ಸರಾಸರಿ, ಸಕ್ಕರೆ ಇಳಿದ ದಿನಗಳು, ಆಗ ಏನಾಗಿತ್ತು, ಬದಲಾದ ಮಾತ್ರೆ.

ಗಡಿಯಾರ ನೋಡಬಾರದ ಹೊತ್ತು

ಎದೆ ಹಿಂಡುತ್ತಿದ್ದರೆ, ಉಸಿರು ಸಿಗದಿದ್ದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಗಡಿಯಾರ ಏನನ್ನುತ್ತದೆ ಎಂದು ನೋಡುತ್ತ ನಿಲ್ಲಬೇಡಿ. 108 ಒತ್ತಿ. ಗಡಿಯಾರದ ಇಸಿಜಿ 2018 ರಿಂದ ಮನೆಮಾತಾಗಿದೆ. ಅದು ಒಂದೇ ದಿಕ್ಕಿನಿಂದ ನೋಡುತ್ತದೆ, ಬಡಿತದ ಲಯ ತಪ್ಪಿದ್ದನ್ನು ಹಿಡಿಯಬಲ್ಲದು, ಹೃದಯಾಘಾತವನ್ನು ಹಿಡಿಯಲಾರದು. 'ವಾಚ್ ನಾರ್ಮಲ್ ಅಂದಿತು ಸಿಸ್ಟರ್' ಎಂದು ಎದೆನೋವನ್ನು ಆರು ಗಂಟೆ ತಡೆದುಕೊಂಡು ಬಂದವರನ್ನು ನಾನು ನೋಡಿದ್ದೇನೆ. ಮೆದುಳಿನ ಆಘಾತದಲ್ಲಿ ಹೆಪ್ಪು ಕರಗಿಸುವ ಮದ್ದು ಕೊಡಲು ಸಿಗುವ ಹೊತ್ತು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದನ್ನು ಎಣಿಸುವುದು, ರೋಗಿ ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯ ಸಲ ನೋಡಿದ ಹೊತ್ತಿನಿಂದ. ಇಲ್ಲಿ ನಿಮ್ಮ ಸೆನ್ಸರುಗಳು ಒಂದು ಉಪಕಾರ ಮಾಡಬಲ್ಲವು: '10:40 ಕ್ಕೆ ಮಾತ್ರೆ ಡಬ್ಬಿ ತೆರೆದಿದ್ದಾರೆ' ಎಂದು ಡಾಕ್ಟರಿಗೆ ಹೇಳಬಹುದು.

ಮಳೆಗಾಲಕ್ಕೊಂದು, ಊರಿಗೊಂದು

ಮೊದಲ ಎರಡು ವಾರ ಯಾವುದನ್ನೂ ಕೂಗಿಸಬೇಡಿ, ಬೀಳುವುದೊಂದನ್ನು ಬಿಟ್ಟು. ಮಿಕ್ಕದ್ದೆಲ್ಲ ಬರೆದುಕೊಳ್ಳಲಿ. ಆಮೇಲೆ ಕೂತು, ಕೂಗಬೇಕಿದ್ದದ್ದು ಎಷ್ಟು, ಕೂಗಬಾರದ್ದು ಎಷ್ಟು ಎಂದು ನೋಡಿ ಅಂಕಿ ಬದಲಿಸಿ. ಜೂನ್ ಬಂದರೆ ಮತ್ತೆ ಬದಲಿಸಬೇಕು. ಮಳೆ ಹಿಡಿದರೆ ಅತ್ತೆ ಕೆಳಗೆ ನಡೆಯಲು ಹೋಗುವುದಿಲ್ಲ, ಹೆಜ್ಜೆಯ ಲೆಕ್ಕ ಅರ್ಧಕ್ಕಿಳಿಯುತ್ತದೆ. ಯಂತ್ರಕ್ಕೆ ಅದು ಕಾಯಿಲೆಯಂತೆ ಕಾಣುತ್ತದೆ. ಮನೆಗೆ ನೆಂಟರು ಬಂದರೆ ಬಚ್ಚಲ ಬಾಗಿಲು ಯಾರದ್ದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆಂದು 'ನೆಂಟರು' ಎಂಬ ಗುಂಡಿ ಮಾಡಿದ್ದೇವೆ. ಒತ್ತಿದರೆ ಬಚ್ಚಲ ನಿಯಮ ಮಲಗಿ, ಗಡಿಯಾರದ ನಿಯಮ ಮಾತ್ರ ಎಚ್ಚರ ಇರುತ್ತದೆ.

ಇನ್ನೊಂದು ಗುಂಡಿ ಇದೆ, ಅದರ ಹೆಸರು 'ಊರು'. ಅದು ಹುಟ್ಟಿದ್ದು ಹೋದ ವರ್ಷ, ನಾವೆಲ್ಲ ಮತ್ಸ್ಯಗಂಧಾ ರೈಲಿನಲ್ಲಿ ಕುಂದಾಪುರಕ್ಕೆ ಹೊರಟಾಗ. ಮರುದಿನ ಬೆಳಿಗ್ಗೆ ಹಾಲಿನ ನಿಯಮ ತನ್ನ ಕೆಲಸ ಮಾಡಿತು. 7:15 ಆಯಿತು, ಬಾಗಿಲು ತೆರೆಯಲಿಲ್ಲ. ಬೀಳದ ಅತ್ತೆಯನ್ನು ಎತ್ತಲು ಕಾಕು ಕೀಲಿ ಹಿಡಿದು ಓಡಿದರು, ಹಿಂದೆ ವಾಚ್‌ಮನ್. ಖಾಲಿ ಮನೆಯೊಳಗೆ ನಿಂತು ಕಾಕು ಫೋನ್ ಮಾಡಿದಾಗ ಅತ್ತೆ ಅವರ ತಮ್ಮನ ಮನೆಯ ಜಗಲಿಯಲ್ಲಿ ಕೂತು ಬಿಸಿ ಕಡುಬು ತಿನ್ನುತ್ತಿದ್ದರು. ಈಗ ಹೊರಡುವಾಗ ಗ್ಯಾಸ್ ಬಂದ್, ನಳ ಬಂದ್, 'ಊರು' ಒತ್ತಿದ್ಯಾ ಎಂದು ಕೇಳುವವರು ಅತ್ತೆಯೇ.